ಮುಂದಕ್ಕೆ ತಿರುಗಿದ ಓಲೆ

"ಊಟದ ಹೊತ್ತಿನ ತನಕ ಟೈಮ್ ಕೊಡ್ತೀನಿ, ಉಲ್ಕಾನಕ್ಕ. ಆಮೇಲೆ ಬಂದೂಕು ಬೀದಿಗಿಳಿಯುತ್ತೆ."

ಹಾಗೆಂದು ಹೇಳಿ ಎಸೆನ್ಕುಲ್ ಚಹಾದ ಬಟ್ಟಲು ಎತ್ತಿಕೊಂಡ. ಸಾರಿ-ಬೇಲ್ ಪುರಸಭೆಯ ಉಪಾಧ್ಯಕ್ಷ. ಒಂದು ಕಾಲದಲ್ಲಿ ಮೂಗು ಸೋರಿಸಿಕೊಂಡು, ನಮ್ಮ ಹಿತ್ತಲಿನ ಏಪ್ರಿಕಾಟ್ ಕದಿಯಲು ಬೇಲಿ ಹಾರುತ್ತಿದ್ದ ಹುಡುಗ. ಈಗ ಪೊಲೀಸ್ ತನಿಖಾಧಿಕಾರಿಯಾದ ನನಗೇ ಗಡುವು ಕೊಡುತ್ತಾನೆ.

ಕಿಟಕಿಯಿಂದ ಕೆಳಗೆ ನೋಡಿದೆ. ಅಂಗಳದ ಕೆಸರಿನಲ್ಲಿ ಬಂದೂಕಿನವರು ಸಿಗರೇಟು ಸೇದುತ್ತಾ ನಗುತ್ತಿದ್ದರು. ಹಬ್ಬಕ್ಕೆ ಬಂದ ನೆಂಟರಂತಿದ್ದರು. ನನ್ನ ಮೈಯೆಲ್ಲ ಉರಿದುಹೋಯಿತು.

"ಯಾವ ನಾಯಿಗಳ ಮೇಲೆ ಬಂದೂಕು?"

"ಎಲ್ಲದರ ಮೇಲೂ. ಓಲೆ ಇರೋದು, ಇಲ್ಲದ್ದು, ಎಲ್ಲ. ಆ ಡಾಕ್ಟರಮ್ಮನ್ನ ನೀವೇ ಜೀಪು ಹತ್ತಿಸಿದ್ರೆ ಮರ್ಯಾದೆಯಿಂದ ಮುಗಿಯುತ್ತೆ. ಇಲ್ಲಾಂದ್ರೆ ಮಾತಾಯಜ್ಜನ ಮಕ್ಕಳು ಹೋಗಿ ಅವಳ ಜುಟ್ಟು ಹಿಡಿದು ಎಳ್ಕೊಂಡು ಬರ್ತಾರೆ."

ಶಾಲೆಯ ಕಾವಲುಗಾರ ಮಾತಾಯಜ್ಜನನ್ನು ಕಚ್ಚಿದ್ದು ಓಲೆ ಹಾಕಿದ ನಾಯಿ. ಓಲೆ ಇದ್ದರೆ ಲಸಿಕೆ ಆಗಿದೆ ಎಂದು ನಂಬಿ ಅಜ್ಜ ಚುಚ್ಚುಮದ್ದಿಗೆ ಹೋಗಲಿಲ್ಲ, ರೇಬೀಸ್ ಹತ್ತಿ ನೀರು ಕಂಡರೆ ಚೀರುತ್ತಾ ಸತ್ತ.

ಓಲೆ ಎಂದರೆ ಹಳದಿ ಪ್ಲಾಸ್ಟಿಕ್ ಬಿಲ್ಲೆ, ಮೇಲೆ ಒಂದು ಸಂಖ್ಯೆ. ಜೀಪಾರ್ ಎಂಬ ಪಶುವೈದ್ಯೆ ಬೀದಿನಾಯಿಗಳನ್ನು ಬಲೆ ಹಾಕಿ ಹಿಡಿದು, ಮರಿಯಾಗದಂತೆ ಆಪರೇಷನ್ ಮಾಡಿ, ಲಸಿಕೆ ಚುಚ್ಚಿ, ಹಿಡಿದ ಬೀದಿಗೇ ವಾಪಸು ಬಿಡುವಾಗ ಕಿವಿಗೆ ಇದನ್ನು ಹಾಕುತ್ತಾಳೆ. ಊರಿಗೆ ಅದು ಭರವಸೆಯ ಗುರುತು. ಮಾತಾಯಜ್ಜನಿಗೂ ಹಾಗೇ ಇತ್ತು.

"ಅವಳು ಲಸಿಕೆ ಹಾಕದೆ ಓಲೆ ಚುಚ್ಚಿದಳು ಅಂತ ನಿನಗೆ ಹೇಳಿದವರು ಯಾರು?"

"ಓಲೆ ಅವಳದ್ದೇ ತಾನೆ, ಅಕ್ಕ?"

"ನಿನ್ನ ಟೋಪಿ ತೆಗೆದು ನನ್ನ ತಲೆ ಮೇಲಿಟ್ಟುಕೊಂಡ್ರೆ ನಾನು ಉಪಾಧ್ಯಕ್ಷೆ ಆಗ್ಬಿಡ್ತೀನಾ?"

ಅವನು ಟೋಪಿ ಮುಟ್ಟಿ ನೋಡಿಕೊಂಡ. "ಊರು ಕುದೀತಿದೆ. ನಾನೇನು ಮಾಡ್ಲಿ?"

"ಎತ್ತು ಈದಿದೆ ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಪೈಕಿ ನೀನು. ಹಿಂದೆ ಬಂದೂಕು ಬೀದಿಗಿಳಿಸಿದ್ರಲ್ಲ, ಏನಾಯ್ತು? ನೆತ್ತರು ಒಣಗೋ ಮುಂಚೆ ಹೊಸ ನಾಯಿಗಳು ಬಂದು ಕೂತ್ವು. ಮೇಲಿನ ಹುಲ್ಲುಗಾವಲಿಂದ ಇಳಿಯೋ ಕುರಿಯೋರು ಬೇಡದ ನಾಯಿಗಳನ್ನ ತಂದು ನಮ್ಮ ಬಜಾರಿನಲ್ಲೇ ಬಿಟ್ಟು ಹೋಗ್ತಾರೆ. ಬೀದಿ ಖಾಲಿ ಇದ್ರೆ ಅವು ಉಳ್ಕೊಳ್ತವೆ, ಇಲ್ಲಾಂದ್ರೆ ಇಲ್ಲಿನವೇ ಅಟ್ಟುತ್ತವೆ. ಲಸಿಕೆ ಆದ ನಾಯಿ ಕೊಂದು ಲಸಿಕೆ ಆಗದ ನಾಯಿಗೆ ಜಾಗ ಮಾಡಿಕೊಡ್ತೀಯಾ? ನಿನ್ನ ತಲೇಲಿ ಇರೋದು ಮಿದುಳೋ, ಮೊಸರೋ?"

"ಸರಿ." ಎಸೆನ್ಕುಲ್ ಬಟ್ಟಲು ಕುಕ್ಕಿದ. "ಅವಳಲ್ಲ ಅಂತೀರಲ್ಲ? ಹಾಗಾದ್ರೆ ಆ ಓಲೆ ಚುಚ್ಚಿದವನ್ನ ಹಿಡಿದು ತಂದು ಈ ಮೇಜಿನ ಮುಂದೆ ನಿಲ್ಲಿಸಿ. ಬಂದೂಕು ಒಳಗಿಡಿಸ್ತೀನಿ, ಡಾಕ್ಟರಮ್ಮನ ಕ್ಷಮೆನೂ ಕೇಳ್ತೀನಿ. ಹೆಸರು ಸಾಲದು, ಆಳು ಬೇಕು."

"ಆಳೇ ತರ್ತೀನಿ. ಕಿವಿ ಹಿಡಿದು ತರ್ತೀನಿ," ಎಂದು ಬಾಗಿಲು ಬಡಿದು ಹೊರಬಿದ್ದೆ.

*

ಊರಾಚೆಯ ಹಳೇ ಉಣ್ಣೆ ಗೋದಾಮೇ ಜೀಪಾರಳ ಆಸ್ಪತ್ರೆ. ಗೋಡೆಯ ಮೇಲೆ ಯಾರೋ ಕೆಂಪು ಬಣ್ಣದಲ್ಲಿ "ಕೊಲೆಗಾತಿ" ಎಂದು ಬರೆದಿದ್ದರು. ಒಂದು ಕಿಟಕಿಗೆ ಗಾಜಿರಲಿಲ್ಲ, ಹಾಸಿಗೆ ಹೊದಿಕೆ ಮೊಳೆ ಹೊಡೆದು ಮುಚ್ಚಿದ್ದಳು.

ಒಳಗೆ ಅವಳು ನಾಯಿಯೊಂದರ ಹೊಟ್ಟೆಯ ಹೊಲಿಗೆ ಒರೆಸುತ್ತಿದ್ದಳು. ಇನ್ನೂ ಮೂವತ್ತು ದಾಟದ ಹುಡುಗಿ, ಕೈ ತುಂಬ ಹಲ್ಲಿನ ಗೀರುಗಳು. ಈ ಊರಲ್ಲಿ ಯಾರ ಕೈ ನೆಟ್ಟಗಿದೆ, ಹೇಳಿ. ನನ್ನ ಮೊಮ್ಮಗಳು ಬೆಗಾಯಿಮ್ ಕೂಡ ಬೆಳಿಗ್ಗೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಬೇಲಿಗೆ ಗೀರಿಕೊಂಡಳು ಎಂದು ಅವಳಜ್ಜ ಹೇಳಿದರು.

"ಜೀಪು ತಂದಿದ್ದೀರಾ ಅಕ್ಕ?" ಜೀಪಾರ್ ತಲೆ ಎತ್ತದೆ ಕೇಳಿದಳು. "ಬರ್ತೀನಿ. ಇದರ ಪಟ್ಟಿ ಕಟ್ಟಿ ಬರ್ತೀನಿ. ಪಂಜರದಲ್ಲಿ ಇರೋವಕ್ಕೆ ಗಂಜಿ ಹಾಕೋರು ಯಾರು ಅಂತ ಮಾತ್ರ ಹೇಳಿಬಿಡಿ."

"ಬಾಯ್ಮುಚ್ಚು. ಅಳೋದಿದ್ರೆ ಆಮೇಲೆ ಅಳು. ಇದನ್ನ ನೋಡು."

ಚೀಲದಿಂದ ಗಾಜಿನ ಶೀಶೆ ತೆಗೆದು ಮೇಜಿನ ಮೇಲಿಟ್ಟೆ. ಮಾತಾಯಜ್ಜನನ್ನು ಕಚ್ಚಿದ ನಾಯಿಯ ಕಿವಿ. ನಾಯಿಯನ್ನು ಗುಂಡಿಟ್ಟು ಕೊಂದ ದಿನವೇ ಮೈಯನ್ನು ಸುಟ್ಟುಬಿಟ್ಟಿದ್ದರು. ತಲೆ ಮಾತ್ರ ಜಿಲ್ಲೆಯ ಪ್ರಯೋಗಾಲಯಕ್ಕೆ ಹೋಗಿತ್ತು. ರೋಗ ಇದ್ದದ್ದು ನಿಜ ಎಂದು ಹೇಳಿ, ಓಲೆ ಸಮೇತ ಈ ಕಿವಿಯನ್ನು ನನಗೆ ಕಳಿಸಿದ್ದರು.

ಜೀಪಾರ್ ಶೀಶೆ ಎತ್ತಿ ಬೆಳಕಿಗೆ ಹಿಡಿದಳು. ಒಂದು ಸಲ ತಿರುಗಿಸಿದಳು. ಮತ್ತೊಂದು ಸಲ ತಿರುಗಿಸಿದಳು.

"ಇದನ್ನ ನಾನು ಹಾಕಿಲ್ಲ," ಎಂದಳು.

"ಸಂಖ್ಯೆ ನಿನ್ನದೇ ಅಲ್ಲವಾ?"

"ಬಿಲ್ಲೆ ನಮ್ಮದೇ. ಶರತ್ಕಾಲದಲ್ಲಿ ಪಂಜರ ಕಟ್ಟಿಸೋವಾಗ ಒಂದು ಪೊಟ್ಟಣ ಕಳೆದುಹೋಗಿತ್ತು, ಅದರದ್ದು. ಮರದ ಕೆಲಸದೋರು, ಸಿಮೆಂಟಿನೋರು, ನೋಡೋಕೆ ಬಂದ ಅರ್ಧ ಊರು, ಯಾರು ಬರಲಿಲ್ಲ ಹೇಳಿ. ಎಲ್ಲೋ ಬಿದ್ದಿರಬೇಕು ಅಂದ್ಕೊಂಡೆ. ಆದ್ರೆ ಅಕ್ಕ, ಹಾಕಿರೋ ರೀತಿ ನೋಡಿ! ಸಂಖ್ಯೆ ಯಾವ ಕಡೆ ಇದೆ?"

ನೋಡಿದೆ. ಕಿವಿಯ ಒಂದು ಮೈ ರೋಮ, ಇನ್ನೊಂದು ಮೈ ಬೋಳು. ಸಂಖ್ಯೆ ಬೋಳು ಕಡೆಗಿತ್ತು.

"ಒಳಗಡೆ. ಅಂದ್ರೆ ಮುಂದಕ್ಕೆ."

"ಹೂಂ. ನಾಯಿ ನಿಮಗೆ ಎದುರಾಗಿ ಬಂದ್ರೆ ಓದಬಹುದು. ಯಾವ ಬೀದಿನಾಯಿ ನಮಗೆ ಎದುರಾಗಿ ಬರುತ್ತೆ? ನನ್ನ ಬಲೆ ಕಂಡ್ರೆ ಬೆನ್ನು ತೋರಿಸಿ ಓಡುತ್ತೆ. ಅದಕ್ಕೇ ನಾವು ಸಂಖ್ಯೆನ ಕಿವಿ ಹಿಂಭಾಗಕ್ಕೆ ಹಾಕೋದು, ಓಡೋವಾಗ ಓದೋಕೆ. ಮೊದಲ ನಾಯಿಯಿಂದ ಇವತ್ತಿನ ತನಕ ಹಾಗೇ. ಬನ್ನಿ ಇಲ್ಲಿ."

ಪಂಜರಗಳ ಸಾಲಿಗೆ ಕರೆದೊಯ್ದಳು. ಎಲ್ಲ ನಾಯಿಗಳೂ ಮೂಲೆಗೆ ಮುಖ ಮಾಡಿ ಮುದುಡಿಕೊಂಡವು. ಹಿಂದಿನಿಂದ ಹಳದಿ ಸಂಖ್ಯೆಗಳು ಒಂದೂ ಬಿಡದೆ ಕಂಡವು.

ನನ್ನ ತಲೆಯಲ್ಲಿ ಏನೋ ಟಕ್ಕೆಂದಿತು. "ಮುಂದಕ್ಕೆ ಹಾಕೋದು ಕುರಿಗೆ."

"ಕುರಿಗೇ! ದೊಡ್ಡಿ ಬಾಗಿಲಲ್ಲಿ ನಿಂತ್ರೆ ಕುರಿ ಎದುರಿಗೆ ಬರುತ್ತೆ, ಒಂದೊಂದೇ ಓದಿ ಒಳಗೆ ಬಿಡ್ತಾರೆ. ಇದನ್ನ ಹಾಕಿದೋನು ಜನ್ಮವೆಲ್ಲ ಕುರಿ ಕಿವಿ ಚುಚ್ಚಿದೋನು. ಕೈ ತಾನೇ ತಾನಾಗಿ ಆ ಕಡೆ ಹೋಗಿದೆ. ಪಾಪಿ!" ಅವಳ ದನಿ ಒಡೆಯಿತು. "ಮಾತಾಯಜ್ಜ ನನಗೆ ಪ್ರತಿ ವಾರ ಒಣಗಿದ ಮೊಸರುಂಡೆ ತಂದುಕೊಡ್ತಿದ್ದ ಅಕ್ಕ. ನನ್ನ ಓಲೆ ನಂಬಿ ಸತ್ತ. ಅದನ್ನ ಹಾಕಿದೋನ ಕೈ ಮುರಿದುಹೋಗ್ಲಿ!"

"ಮುರೀತೀನಿ. ಮೊದಲು ಯಾರ ಕೈ ಅಂತ ಗೊತ್ತಾಗ್ಲಿ."

"ನಮ್ಮೂರಲ್ಲಿ ಯಾರು ಕುರಿಯೋರಲ್ಲ? ಎಸೆನ್ಕುಲಣ್ಣಂಗೇ ದೊಡ್ಡ ಮಂದೆ ಇದೆ."

ಅದು ನನಗೂ ಹೊಳೆದಿತ್ತು. ಓಲೆಗೆ ಕೆಟ್ಟ ಹೆಸರು ಬಂದರೆ ಹಬ್ಬ ಮಾಡುವವನು ಅವನೇ. ಆದರೆ ಬೀದಿನಾಯಿಯ ಕಿವಿ ಹಿಡಿಯುವ ಧೈರ್ಯ ಅವನಿಗಿಲ್ಲ. ಮಾಡಿದ್ದರೆ ಬೇರೆಯವರ ಕೈಲಿ ಮಾಡಿಸಿರಬೇಕು. ಆ ಕೈ ಶರ್ಶೆನ್‌ದೇ ಇರಬೇಕು ಎಂದುಕೊಂಡೆ. ಬಂದೂಕಿನವರ ಹಳೆಯ ಮುಖ್ಯಸ್ಥ. ಜೀಪಾರ್ ಬಂದ ಮೇಲೆ ಕೆಲಸ ಕಳೆದುಕೊಂಡವನು. ಆ ನಾಯಿಗೆ ಗುಂಡಿಟ್ಟವನು, ಮೈ ಸುಟ್ಟವನು, ಎರಡೂ ಅವನೇ.

ಜೀಪಾರಳ ಹತ್ತಿರ ಓಲೆ ಚುಚ್ಚುವ ಇಕ್ಕಳವನ್ನೂ ಸಂಖ್ಯೆಯಿಲ್ಲದ ಒಂದೆರಡು ಬಿಲ್ಲೆಗಳನ್ನೂ ಇಸಿದುಕೊಂಡೆ.

"ಶೈಲೋ ಅಣ್ಣಂಗೆ ಹೇಳಿ, ಪಂಜರದ ಬಾಗಿಲು ಒಂದು ಸಡಿಲ ಆಗಿದೆ," ಎಂದಳು ಕಳಿಸಿಕೊಡುತ್ತಾ. ಶೈಲೋ ಎಂದರೆ ನಮ್ಮ ಮನೆಯವರು. ಹೆಂಡತಿ ಗಂಡನ ಹೆಸರು ಬಾಯಲ್ಲಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಬೇರೆಯವರು ಹೇಳಿದರೆ ಕೇಳಿಸಿಕೊಳ್ಳುತ್ತೇವೆ. "ಅವರಿಲ್ಲದಿದ್ರೆ ಈ ಪಂಜರಗಳು ಏಳ್ತಾನೇ ಇರಲಿಲ್ಲ. ನಾಯಿ ಅಂದ್ರೆ ಪ್ರಾಣ ಅವರಿಗೆ."

"ಪ್ರಾಣ ಅಲ್ಲ, ಹುಚ್ಚು. ನಮ್ಮ ಮನೆ ಗೇಟಿನ ನಾಯಿಗೆ ತಿನ್ನಿಸಿ ತಿನ್ನಿಸಿ ಪೀಪಾಯಿ ಮಾಡಿಟ್ಟಿದ್ದಾರೆ. ಹೊಟ್ಟೆ ನೆಲ ಮುಟ್ಟುತ್ತೆ."

"ಆಪರೇಷನ್ ಆದ ಹೆಣ್ಣುನಾಯಿಗಳು ಸ್ವಲ್ಪ ದಪ್ಪ ಆಗ್ತಾವೆ, ಅಕ್ಕ," ಎಂದು ಅವತ್ತು ಮೊದಲ ಸಲ ನಕ್ಕಳು.

*

ಶರ್ಶೆನ್ ಮನೆಯ ಅಂಗಳದಲ್ಲಿ ಬೆಂಚಿನ ಮೇಲೆ ಕೂತು ಬಂದೂಕಿಗೆ ಎಣ್ಣೆ ಹಚ್ಚುತ್ತಿದ್ದ. ನನ್ನನ್ನು ನೋಡಿ ಎದ್ದ. ಅವನ ಹೆಂಡತಿ ಬಾತ್ಮಾ ಓಡಿಬಂದು ರೊಟ್ಟಿ ಹಿಡಿದಳು. ಬಂದವರು ಒಂದು ಚೂರು ಮುರಿದು ಬಾಯಿಗಿಟ್ಟುಕೊಳ್ಳಬೇಕು. ಶತ್ರುವಿನ ಮನೆಯಲ್ಲೂ ಹಾಗೆ ಮಾಡುವುದು ರೂಢಿ.

ನಾನು ಮುರಿಯಲಿಲ್ಲ.

ಬಾತ್ಮಾಳ ಮುಖ ಸಪ್ಪಗಾಯಿತು. ಶರ್ಶೆನ್‌ನ ಮುಖ ಕೆಂಪಾಯಿತು. "ನನ್ನ ಮನೆ ರೊಟ್ಟಿ ಅಷ್ಟು ಕಹಿಯಾ, ಉಲ್ಕಾನ್?"

"ಮಾತಾಯಜ್ಜನ ಗೋರಿ ಮಣ್ಣು ಇನ್ನೂ ಹಸಿ ಇದೆ. ನೀನು ಇಲ್ಲಿ ಕೂತು ಎಣ್ಣೆ ಹಚ್ತಿದ್ದೀಯ. ನಾಚಿಕೆ ಆಗಲ್ವಾ?"

"ನಾಚಿಕೆ ಯಾಕೆ? ಹುಚ್ಚುನಾಯಿ ಕೊಂದೆ. ನಾನು ಕೊಲ್ಲದಿದ್ರೆ ಇನ್ನೊಬ್ಬರನ್ನ ಕಚ್ಚುತ್ತಿತ್ತು."

"ಕೊಂದಿದ್ದಕ್ಕಲ್ಲ ಮಾರಾಯ, ಸುಟ್ಟಿದ್ದಕ್ಕೆ! ಪೊಲೀಸಿನೋರು ಬರೋ ತನಕ ಕಾಯೋಕೆ ಏನಾಗಿತ್ತು? ಹೊಗೆ ನೋಡೋಕೆ ಚೆಂದ ಅಂತ ಸುಟ್ಟೆಯಾ?"

ಅವನು ಎಣ್ಣೆ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗಿತ್ತು ಅವನ ಭಂಗಿ. ನಾನು ಚೀಲದಿಂದ ಇಕ್ಕಳ ತೆಗೆದೆ, ಬಿಲ್ಲೆ ತೆಗೆದೆ. ಬೆಂಚಿನ ಮೇಲಿದ್ದ ಕಂಬಳಿಯ ತುಂಡೊಂದನ್ನು ಅವನ ಮುಂದೆ ಹಿಡಿದೆ.

"ಇದು ನಾಯಿ ಕಿವಿ ಅಂದ್ಕೋ. ಚುಚ್ಚು."

"ಏನಿದು ಮಕ್ಕಳಾಟ?"

"ಚುಚ್ಚು ಅಂದೆ. ಇಲ್ಲಿ ಚುಚ್ಚದಿದ್ರೆ ಠಾಣೇಲಿ ಚುಚ್ಚುವಿಯಂತೆ."

ಬೈದುಕೊಳ್ಳುತ್ತಾ ಇಕ್ಕಳ ತೆಗೆದುಕೊಂಡ. ಬಿಲ್ಲೆಯನ್ನು ತಲೆಕೆಳಗಾಗಿ ಇಟ್ಟ. ತೆಗೆದ. ಬಿಲ್ಲೆಯ ಜೊತೆಗಿದ್ದ ಪ್ಲಾಸ್ಟಿಕ್ ಮೊಳೆಯನ್ನು ಬಿಲ್ಲೆ ಕೂರಬೇಕಾದ ಜಾಗದಲ್ಲಿ ಸಿಕ್ಕಿಸಿದ. ಗಟ್ಟಿಯಾಗಿ ಒತ್ತಿದ. ಟಪ್ ಎಂದು ಮೊಳೆ ಮುರಿದು ಎಲ್ಲೋ ಹಾರಿತು, ಇಕ್ಕಳ ಅವನ ಹೆಬ್ಬೆರಳನ್ನು ಕಚ್ಚಿಕೊಂಡಿತು.

"ಅಯ್ಯಮ್ಮಾ! ಇದರ ಮನೆ ಹಾಳಾಗ!"

ಬಾತ್ಮಾ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡು ನಕ್ಕಳು. "ಅಕ್ಕ, ಇವರನ್ನ ಕೇಳ್ತೀರಾ? ಕಲ್ಲಿದ್ದಲ ಗಣಿ ಬೀದೀಲಿ ಬೆಳೆದ ಗಂಡಸು. ಮದುವೆಯಾಗಿ ಇಷ್ಟು ವರ್ಷ ಆಯ್ತು, ಕುರಿ ಕೊರಳು ಹಿಡಿಯೋಕೂ ಬರಲ್ಲ. ಹಬ್ಬ ಬಂದ್ರೆ ಪಕ್ಕದ ಮನೆಯೋರ ಕಾಲು ಹಿಡೀಬೇಕು. ನಮ್ಮ ಅಣ್ಣಂದಿರು ಇವತ್ತಿಗೂ ಆಡ್ಕೊಂಡು ನಗ್ತಾರೆ."

"ಒಳಗೆ ಹೋಗೇ ನೀನು!" ಶರ್ಶೆನ್ ಬೆರಳು ಚೀಪುತ್ತಾ ಗುಡುಗಿದ.

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ನಮ್ಮೂರಲ್ಲಿ ಕುರಿ ಹಿಡಿಯಲು ಬಾರದ ಗಂಡಸು ಎನಿಸಿಕೊಳ್ಳುವುದಕ್ಕಿಂತ ಕಳ್ಳ ಎನಿಸಿಕೊಳ್ಳುವುದೇ ವಾಸಿ. ಹೆಂಡತಿ ಪರರ ಮುಂದೆ ಹೀಗೆ ಮಾನ ಕಳೆದರೆ ಅದು ನಾಟಕವಲ್ಲ. ಓಲೆ ಹಾಕಿದ ಕೈ ಪಳಗಿದ ಕೈ. ಇದು ಅದಲ್ಲ.

"ಸುಟ್ಟಿದ್ದು ಯಾಕೆ?" ಎಂದೆ. ಈ ಸಲ ಕೂಗಲಿಲ್ಲ.

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಗಂಡುನಾಯಿ ಅದು. ಎರಡೂ ನೇತಾಡ್ತಿದ್ವು."

"ಥೂ!" ಎಂದಿತು ಬಾಗಿಲ ಹಿಂದಿನಿಂದ ಬಾತ್ಮಾಳ ದನಿ.

"ಥೂ ಏನು, ಇದ್ದದ್ದು ಹೇಳ್ತಿದ್ದೀನಿ. ಓಲೆ ಇದೆ, ಬೀಜಾನೂ ಇದೆ. ಆಪರೇಷನ್ ಆಗಿಲ್ಲ ಅಂದ್ರೆ ಲಸಿಕೆನೂ ಆಗಿಲ್ಲ ಅಂತ ನನ್ನಂಥ ದಡ್ಡಂಗೂ ಗೊತ್ತಾಯ್ತು. ಎಸೆನ್ಕುಲ್‌ಗೆ ಫೋನ್ ಮಾಡಿ ಹೇಳ್ದೆ. 'ಮೊದಲು ಸುಡು, ಆಮೇಲೆ ಮಾತಾಡು' ಅಂದ."

ಬೆಳಿಗ್ಗೆ ನನ್ನೆದುರು ಚಹಾ ಹೀರುತ್ತಾ ಕೂತಿದ್ದನಲ್ಲ ಆ ಬದ್ಮಾಶ್! ಜೀಪಾರ್ ಆ ನಾಯಿಯನ್ನು ಮುಟ್ಟಿಯೇ ಇಲ್ಲ ಎಂದು ಅವನಿಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಹುಡುಗಿಯ ತಲೆಗೆ ಕಟ್ಟಿದ. ಗೋಡೆ ಮೇಲೆ "ಕೊಲೆಗಾತಿ" ಎಂದು ಬರೆಸಿಕೊಳ್ಳಲು ಬಿಟ್ಟ. ಕಿಟಕಿ ಒಡೆಯಲು ಬಿಟ್ಟ.

"ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಾ? ಆ ಹುಡುಗಿಗೆ ಕಲ್ಲು ಹೊಡೆಯೋವಾಗ ನಿನ್ನ ಗಂಡಸುತನ ಎಲ್ಲಿಗೆ ಹೋಗಿತ್ತು?"

"ಕೆಲಸ ವಾಪಸ್ ಕೊಡಿಸ್ತೀನಿ ಅಂದ," ಎಂದ ಶರ್ಶೆನ್. "ನನಗೂ ಹೊಟ್ಟೆ ಇದೆ, ಉಲ್ಕಾನ್. ಸಾಕ್ಷಿ ಹೇಳ್ತೀನಿ, ಹೋಗು. ಅವನೆದುರೇ ಹೇಳ್ತೀನಿ. ಆದ್ರೆ ಅವನು ಹೇಳೋದೂ ಒಂದೇ, 'ಡಾಕ್ಟರಮ್ಮ ಅಲ್ಲದಿದ್ರೆ ಇನ್ಯಾರು, ತೋರಿಸು'. ಯಾರು?"

"ಕುರಿಯೋನು. ಸಂಖ್ಯೆ ಮುಂದಕ್ಕೆ ತಿರುಗಿಸಿ ಹಾಕಿದ್ದಾನೆ."

"ಮುಂದಕ್ಕಾ?" ಶರ್ಶೆನ್ ಬೆರಳು ಚೀಪುವುದನ್ನು ನಿಲ್ಲಿಸಿದ. "ಮುಂದಕ್ಕೆ ಅಂದ್ರೆ, ನಾಯಿ ನಮ್ಮನ್ನ ನೋಡಿದಾಗ ನಮಗೆ ಓದೋಕೆ ಬರೋ ಹಾಗೆ?"

"ಹೌದು. ಯಾಕೆ?"

"ಹಾಗಾದ್ರೆ ಅದೊಂದೇ ಅಲ್ಲ. ಇನ್ನೂ ಇವೆ."

"ಎಲ್ಲಿ?"

"ಗುರಿ ಹಿಡಿದಾಗ ನಾಯಿ ತಿರುಗಿ ನೋಡುತ್ತೆ. ಯಾವಾಗಲೂ ನೋಡುತ್ತೆ, ಹಾಳಾದ್ದು, ಅದಕ್ಕೇ ನನಗೆ ನಿದ್ದೆ ಬರಲ್ಲ. ಶರತ್ಕಾಲದ ಕೊನೇಲಿ ಓಲೆ ಇಲ್ಲದವನ್ನ ಹೊಡೆಯೋಕೆ ಅಂತ ನನ್ನನ್ನ ಒಂದು ಸಲ ಕರೆಸಿದ್ರಲ್ಲ, ಆವಾಗ ನೋಡಿದ್ದು. ಕಿವಿ ಒಳಗೆ ಸಂಖ್ಯೆ ಕಂಡ್ರೆ ಬಂದೂಕು ಇಳಿಸ್ತಿದ್ದೆ. ಬಜಾರಿನ ಹಿಂದಿನ ಕೆಂಚನಾಯಿ. ಹಿಟ್ಟಿನ ಗಿರಣಿ ಹತ್ರ ಇರೋ ಕುಂಟ. ಮತ್ತೆ..." ಅವನು ತಡೆದ.

"ಮತ್ತೆ?"

"ಮೊದಲು ನೋಡಿದ್ದು ನಿಮ್ಮ ಗೇಟಿನ ಹತ್ರ. ಕುತ್ತಿಗೆಗೆ ಬಿಳಿ ಪಟ್ಟಿ ಇರೋ ಹೆಣ್ಣುನಾಯಿ. ಶೈಲೋ ಅಣ್ಣ ಒಳಗಿಂದ ಓಡಿಬಂದು ಅದರ ಕಿವಿ ಹಿಡಿದು ತೋರಿಸಿದ್ರು. 'ಓಲೆ ಕಾಣಲ್ವೇನೋ ಕುರುಡ' ಅಂತ ಬೈದ್ರು. ನಿನಗೆ ಹೇಳಿಲ್ವಾ?"

ಬಾತ್ಮಾ ಮತ್ತೆ ರೊಟ್ಟಿ ಹಿಡಿದು ನಿಂತಿದ್ದಳು. ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡೆ. ಅಗಿಯುತ್ತಲೇ ಜೀಪಿನತ್ತ ನಡೆದೆ.

*

ನಮ್ಮ ಬೀದಿಯ ತಿರುವಿನಲ್ಲೇ ಜೀಪು ನಿಲ್ಲಿಸಿದೆ. ಕೀಲಿ ತೆಗೆದು ಇಳಿದೆ.

ನಮ್ಮ ಮನೆಯವರು ರಾಜ್ಯದ ಕುರಿ ಫಾರಂ ಮುಚ್ಚುವ ತನಕ ಅಲ್ಲಿದ್ದವರು. ಅವರ ಕೈಯಲ್ಲಿ ಕಿವಿ ಚುಚ್ಚಿಸಿಕೊಂಡ ಕುರಿಗಳನ್ನು ಸಾಲಾಗಿ ನಿಲ್ಲಿಸಿದರೆ ಕಣಿವೆ ತುಂಬೀತು. ಪಂಜರ ಕಟ್ಟುವಾಗ ದಿನವೂ ಗೋದಾಮಿಗೆ ಹೋಗುತ್ತಿದ್ದರು. ಓಲೆ ಇರುವ ನಾಯಿಗೆ ಗುಂಡು ಬೀಳುವುದಿಲ್ಲ ಎಂದೂ ಅವರಿಗೆ ಗೊತ್ತಿತ್ತು. ಇದೆಲ್ಲ ನನಗೆ ಗೊತ್ತಿಲ್ಲದ ವಿಷಯವೇ? ಬೆಳಿಗ್ಗೆಯಿಂದ ಊರೆಲ್ಲ ಸುತ್ತಿದೆ, ಯಾರ್ಯಾರ ಅಂಗಳಕ್ಕೋ ನುಗ್ಗಿ ಕೂಗಾಡಿದೆ. ದೀಪದ ಬುಡದಲ್ಲೇ ಕತ್ತಲು.

ಬೇರೆ ಯಾರೋ ಹಾಕಿರಬಹುದು ಎಂದುಕೊಂಡೆ. ಶರ್ಶೆನ್ ತಪ್ಪು ನೋಡಿರಬಹುದು. ಗೇಟಿನ ತನಕ ಹೀಗೇ ಅಂದುಕೊಳ್ಳುತ್ತಾ ನಡೆದೆ.

ನಮ್ಮ ಗೇಟಿನ ನಾಯಿ ಮೊಯ್ನೋಕ್ ನನ್ನ ಹೆಜ್ಜೆ ಸದ್ದು ಕೇಳಿ ಎದ್ದಿತು. ಬೀದಿನಾಯಿಗಳು ಬೆನ್ನು ತೋರಿಸಿ ಓಡುತ್ತವೆ. ಇದು ಬಾಲ ಆಡಿಸಿಕೊಂಡು, ಕೆಸರು ಹಾರಿಸಿಕೊಂಡು ಎದುರಿಗೇ ಓಡಿಬಂತು. ಕಿವಿ ನೆಟ್ಟಗಿತ್ತು. ಹಳದಿ ಓಲೆಯ ಮೇಲಿನ ಸಂಖ್ಯೆಯನ್ನು ಗೇಟಿನಿಂದಲೇ ಓದಿದೆ.

ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಮೊಲೆಗಳು ಇಳಿದಿದ್ದವು. ತಿಂದು ದಪ್ಪಗಾಗಿದೆ ಎಂದು ಬೈಯುತ್ತಿದ್ದ ನಾನು ಎಂಥ ಪತ್ತೇದಾರಿಣಿ! ನಾಯಿಗೆ ಮರಿ ಹಾಕುವ ದಿನ ತುಂಬಿತ್ತು. ಆಪರೇಷನ್ನೂ ಇಲ್ಲ, ಲಸಿಕೆಯೂ ಇಲ್ಲ.

"ಅಜ್ಜೀ!" ಬೆಗಾಯಿಮ್ ಮೆಟ್ಟಿಲಿಳಿದು ಓಡಿಬಂದಳು, ಬೆರಳಿನ ಬಟ್ಟೆ ಬಿಚ್ಚಿ ನೇತಾಡುತ್ತಿತ್ತು. ನಾನು ಅವಳ ಕೈ ಹಿಡಿದೆ. ಬೇಲಿಯ ಗೀರು ಉದ್ದಕ್ಕೆ ಇರುತ್ತದೆ. ಇಲ್ಲಿ ಪಕ್ಕಪಕ್ಕದಲ್ಲಿ ಎರಡು ಸಣ್ಣ ತೂತುಗಳಿದ್ದವು.

"ಇದು ಬೇಲಿಯಾ, ಪುಟ್ಟೀ?"

ಮಗು ಒಳಗೆ ನೋಡಿತು, ನನ್ನ ಕಡೆ ನೋಡಿತು. "ಹೇಳಬೇಡ ಅಂತ ಅಜ್ಜ ಹೇಳಿದ್ದಾರೆ. ಮೂಳೆ ಕಿತ್ಕೊಳ್ಳೋಕೆ ಹೋದೆ, ಮೊಯ್ನೋಕ್ ಸುಮ್ನೆ ಹಿಂಗಂತು. ಅದು ಬೇಕೂಂತ ಕಚ್ಚಿಲ್ಲ ಅಜ್ಜೀ. ಅದಕ್ಕೆ ಓಲೆ ಇದೆಯಲ್ಲ."

ಮಾತಾಯಜ್ಜನೂ ಅದನ್ನೇ ಹೇಳಿದ್ದ. ಅದೇ ಮಾತು.

ಅವಳನ್ನು ಎತ್ತಿಕೊಂಡು ನಲ್ಲಿಯ ಹತ್ತಿರ ಹೋದೆ. ಕೊರೆಯುವ ನೀರು ಬಿಟ್ಟು, ಸೋಪು ಹಚ್ಚಿ, ತೊಳೆದೆ, ಮತ್ತೆ ಸೋಪು ಹಚ್ಚಿ ತೊಳೆದೆ. ಅವಳು ಅಳಲು ಶುರುಮಾಡಿದಳು. ಅಳಲಿ. ಆಸ್ಪತ್ರೆ ಹತ್ತಿರವೇ ಇದೆ, ಚುಚ್ಚುಮದ್ದು ಇವತ್ತೇ ಶುರುವಾಗಬೇಕು, ಈಗಲೇ. ಮಾತಾಯಜ್ಜನಿಗೆ ಸಿಗದೆ ಹೋದದ್ದು ಇವಳಿಗೆ ಸಿಗಬೇಕು.

ಬಾಗಿಲು ಕಿರುಗುಟ್ಟಿತು. ನಮ್ಮ ಮನೆಯವರು ಗಂಜಿಯ ಬೋಗುಣಿ ಹಿಡಿದು ಹೊರಗೆ ಬಂದರು. ನನ್ನನ್ನು ನೋಡಿದರು, ತೋಯ್ದ ಮಗುವಿನ ಕೈ ನೋಡಿದರು, ನನ್ನ ಚೀಲದಿಂದ ಇಣುಕುತ್ತಿದ್ದ ಇಕ್ಕಳವನ್ನು ನೋಡಿದರು. ಬೋಗುಣಿಯನ್ನು ಮೆಲ್ಲಗೆ ಮೆಟ್ಟಿಲ ಮೇಲಿಟ್ಟರು. ಮೊಯ್ನೋಕ್ ಓಡಿಹೋಗಿ ಅದರಲ್ಲಿ ಮೂತಿ ಇಟ್ಟಿತು.

ದೂರದಲ್ಲಿ ಪುರಸಭೆಯ ಕಡೆಯಿಂದ ಗಾಡಿಗಳು ಶುರುವಾದ ಸದ್ದು ಕೇಳಿಸಿತು. ಊಟದ ಹೊತ್ತಾಗಿತ್ತು. ಹೆಸರು ಸಾಲದು, ಆಳು ಬೇಕು ಎಂದಿದ್ದ ಎಸೆನ್ಕುಲ್. ಕಿವಿ ಹಿಡಿದು ತರ್ತೀನಿ ಎಂದಿದ್ದೆ ನಾನು.

ಮಗುವನ್ನು ಸೊಂಟಕ್ಕೆ ಏರಿಸಿಕೊಂಡೆ.

"ಇದಕ್ಕೆ ಓಲೆ ಹಾಕಿದ್ದು ಯಾರು?"

ಅವರು ಬಗ್ಗಿ ನಾಯಿಯ ಬೆನ್ನು ಸವರಿದರು. ಆಮೇಲೆ ತಲೆಯ ಮೇಲಿನ ಬಿಳಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಇದೊಂದನ್ನೇ ಕೇಳ್ತಿದ್ದೀಯೋ," ಎಂದರು, "ಎಲ್ಲವನ್ನೂ ಕೇಳ್ತಿದ್ದೀಯೋ?"